ಎಡಗಡೆಯ ಖಾಲಿ ಜಾಗ

ಫೆಬ್ರವರಿ 9

ಅಕ್ಕಾ,

ಬರೆಯಲು ಕೂತರೆ ನನ್ನ ಕೈ ಓಡುವುದಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೇ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ಆಫೀಸಿನಲ್ಲಿ ಪ್ರಿಂಟ್ ತೆಗೆದು ನಿನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ ಹಾಕುತ್ತೇನೆ. ನಿಮ್ಮ ಮನೆಯ ಫೋನು ಎಲ್ಲರ ಕೈಗೂ ಹೋಗುತ್ತದೆ, ಅಲ್ಲಿ ಏನು ಹೇಳಿದರೂ ಸಭೆಯಲ್ಲಿ ಹೇಳಿದ ಹಾಗೆ.

ಒಂದು ಸುದ್ದಿ ಇದೆ. ಏಪ್ರಿಲ್‌ನಲ್ಲಿ ಒಂದು ಸಮ್ಮೇಳನ. ರೋಗ ಎಲ್ಲಿ ಹುಟ್ಟಿತು, ಹೇಗೆ ಹರಡಿತು, ಯಾಕೆ ಅವರಿಗೆ ಬಂತು ಇವರಿಗೆ ಬರಲಿಲ್ಲ ಅಂತ ಹುಡುಕುವವರು ಈ ಸೀಮೆಯ ಎಲ್ಲ ಕಡೆಯಿಂದ ಬರುತ್ತಾರೆ. ನನ್ನಂಥ ಈಗಷ್ಟೇ ಕಣ್ಣುಬಿಟ್ಟವರಿಗೆ ಬೇರೆಯೇ ಒಂದು ಮಧ್ಯಾಹ್ನ ಇಟ್ಟಿದ್ದಾರೆ. ವೇದಿಕೆ ಹತ್ತಿ ಹತ್ತು ನಿಮಿಷ ಮಾತಾಡಬೇಕು. ನನ್ನದು ಆಯ್ಕೆಯಾಗಿದೆ. ಚೆನ್ನಾಗಿ ಮಾತಾಡಿದ ಒಬ್ಬರನ್ನು ಅವರ ಕೇಂದ್ರಕ್ಕೇ ಕಾಯಂ ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ. ನನ್ನ ಗುತ್ತಿಗೆ ಜೂನ್‌ಗೆ ಮುಗಿಯುತ್ತದೆ. ಆಮೇಲೆ ಇನ್ನೊಂದು ಊರು, ಇನ್ನೊಂದು ಬಾಡಿಗೆ ಕೋಣೆ, ಇನ್ನೊಂದು ಹಾಸಿಗೆ. ಸಾಕಾಗಿದೆ ಅಕ್ಕಾ.

ಮಾತಾಡುವುದು ನಿಮ್ಮ ರಸ್ತೆಯ ಬಗ್ಗೆಯೇ. ಹೋದ ಬೇಸಿಗೆಯ ವಾಂತಿಭೇದಿ. ಒಂದು ಚಿತ್ರ ಮಾಡಿದ್ದೇನೆ. ದಿನಕ್ಕೊಂದು ಕಂಬ. ಆ ದಿನ ಹೊಸದಾಗಿ ಮಲಗಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಚೌಕ, ಒಂದರ ಮೇಲೊಂದು, ಮಕ್ಕಳು ಮರದ ತುಂಡು ಜೋಡಿಸಿದ ಹಾಗೆ. ಮೊದಲ ದಿನವೇ ಕಂಬ ಎದೆ ಮಟ್ಟಕ್ಕೆ ಏಳುತ್ತದೆ, ನಾಲ್ಕನೇ ದಿನ ತಲೆ ಮೇಲೆ ಹೋಗುತ್ತದೆ, ಒಡೆದಿದ್ದ ಕುಡಿಯುವ ನೀರಿನ ಪೈಪು ಸರಿಮಾಡಿದ ಮೇಲೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ನೋಡಲು ಚೆನ್ನಾಗಿದೆ. ನಮ್ಮ ಮೇಡಂ ಅದನ್ನು ನೋಡಿ, ಕೆಳಗೆ 'ಸಾವು: ಸೊನ್ನೆ' ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಹಾಕು ಅಂದರು.

ಕೋಣೆಯ ಜತೆಗಾರ ಲಿಫ್ಟ್ ಮೆಕ್ಯಾನಿಕ್. ನಿನ್ನ ಕೆಲಸ ಏನು ಅಂತ ಕೇಳಿದ. ಕಾಯಿಲೆ ಎಣಿಸುವುದು ಅಂದೆ. "ಎಣಿಸಿದ್ರೆ ಕಮ್ಮಿ ಆಗುತ್ತಾ?" ಅಂದ. ನಕ್ಕೆ.

ಭಾವನಿಗೆ ಹೇಳು. ನಿನ್ನ ಅತ್ತೆಯ ಮೊಣಕಾಲು ಹೇಗಿದೆ?

ನಿನ್ನ ತಮ್ಮ


ಫೆಬ್ರವರಿ 26

ತಮ್ಮಾ,

ಕಾಗದ ಬಂತು. ನಿನ್ನ ಫೋನು ನಿನಗಿಂತ ಚೆನ್ನಾಗಿ ಬರೆಯುತ್ತದೆ. ಅದಕ್ಕೇ ಆ ಕೆಲಸ ಕೊಡಿಸಿಬಿಡು.

ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ಕಾಲ. ದಿನವಿಡೀ ಕಾಲರ್ ಹೊಲಿಯುತ್ತೇನೆ. ಕಾಲರ್ ಮಾತ್ರ. ಅಂಗಿ ಬೇರೆಯವರು, ಗುಂಡಿ ಬೇರೆಯವರು. ಅತ್ತೆಯ ಮೊಣಕಾಲು ಹಾಗೇ ಇದೆ, ನೆಲದಿಂದ ಏಳಬೇಕಾದರೆ ಗೋಡೆ ಬೇಕು.

ನಿನ್ನ ಚಿತ್ರವನ್ನು ನಾನು ಬಟ್ಟೆ ಕತ್ತರಿಸುವ ಕಾಗದದ ಮೇಲೆ ಚಾಕ್‌ನಲ್ಲಿ ಬರೆದು ನೋಡಿದೆ. ನೀನು ಹೇಳಿದ ಹಾಗೇ ದಿನಕ್ಕೊಂದು ಕಂಬ, ಆಳಿಗೊಂದು ಚೌಕ. ಬರೆದು ಮುಗಿಸಿ ತುಂಬ ಹೊತ್ತು ನೋಡಿದೆ. ಚೂಟಿಯ ಚೌಕ ಎಲ್ಲಿದೆಯೋ?

ನನ್ನ ಮಗಳು ಹೋಗಿ ವಾರವಾದ ಮೇಲೆ ತಾನೇ ರಸ್ತೆಯವರೆಲ್ಲ ಮಲಗಿದ್ದು. ನಿನ್ನ ಮೊದಲ ಕಂಬ ಅಲ್ಲಿಂದ ಶುರುವಾಗುತ್ತದೆ. ಅದರ ಎಡಗಡೆ ಖಾಲಿ. ಸಾವು ಸೊನ್ನೆ ಅಂತ ಬರೆದಿದ್ದೀಯ. ನನಗೆ ಓದಲು ಬರುತ್ತದೆ ಮಾರಾಯಾ.

ಮನೆಯ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ಹಿಂದಿನ ದಿನ ಬೆಳಿಗ್ಗೆ ಅವಳಿಗೆ ಉಳಿದ ಹಾಲು ಕಾಯಿಸಿಟ್ಟು ಕೆಲಸಕ್ಕೆ ಬಂದಿದ್ದೆ. ಆ ರಾತ್ರಿ ಶುರುವಾಯಿತು, ಮಾರನೇ ದಿನ ಸಂಜೆಗೆ ಇರಲಿಲ್ಲ. ಅತ್ತೆ ನನ್ನ ಮುಖಕ್ಕೆ ಏನೂ ಅಂದಿಲ್ಲ. ಅಕ್ಕಪಕ್ಕದವರು ಬಂದು ಕೂತಾಗ ಮಾತ್ರ, ನಾನು ಒಳಗೆ ಕೇಳಿಸಿಕೊಳ್ಳುವ ಹಾಗೆ, "ಹಳೇ ಹಾಲು ಕಣಮ್ಮ" ಅನ್ನುತ್ತಾರೆ. ಅಷ್ಟೇ. ನಿನ್ನ ಭಾವ ಅದೂ ಅನ್ನುವುದಿಲ್ಲ. ಆದರೆ ಅವತ್ತಿನಿಂದ ಮನೆಗೆ ಹಾಲು ತರುವುದನ್ನೇ ನಿಲ್ಲಿಸಿದ್ದಾರೆ. ಒಂದು ವರ್ಷವಾಗುತ್ತ ಬಂತು, ಎಲ್ಲರೂ ಕರಿ ಚಹಾ ಕುಡಿಯುತ್ತೇವೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕರಿ ಚಹಾಕ್ಕೆ ಏನಂತ ಉತ್ತರ ಕೊಡಲಿ?

ನೀನು ಕಾಯಿಲೆ ಎಣಿಸಲು ಬಂದಾಗ ಮನೆಮನೆಗೂ ಹೋದೆ. ಏನು ತಿಂದಿರಿ, ಯಾವ ನೀರು ಕುಡಿದಿರಿ ಅಂತ ಕೇಳಿ ಬರೆದುಕೊಂಡೆ. ನಮ್ಮ ಮನೆಗೂ ಬಂದೆ. ಊಟ ಮಾಡಿದೆ. ಅತ್ತೆ ಬಾಗಿಲ ಹತ್ತಿರ ಕೂತಿದ್ದರು, ನಾನು ನಿನಗೆ ಬಡಿಸುತ್ತಿದ್ದೆ. ಕೈ ತೊಳೆದು ಹೊರಟೆ. ನಾನು ಕಾಯುತ್ತಿದ್ದೆ ಅಂತ ನಿನಗೆ ಗೊತ್ತಾಯಿತೋ ಇಲ್ಲವೋ.

ಈಗ ಒಂದು ಕೇಳುತ್ತೇನೆ. ನಾನು ಹೇಳಿದರೆ ಇಲ್ಲಿ ಯಾರೂ ನಂಬುವುದಿಲ್ಲ. ನೀನು ಮನೆಗೆ ಬಂದು ಹೇಳಿದರೂ ಅಕ್ಕನ ಪರ ಬಂದ ಅನ್ನುತ್ತಾರೆ. ಅಷ್ಟು ಜನ ತಿಳಿದವರ ಎದುರು, ವೇದಿಕೆ ಮೇಲೆ ನಿಂತು ಒಂದು ಮಾತು ಹೇಳು. ಎಲ್ಲರಿಗಿಂತ ಮುಂಚೆ ಒಂದು ಮಗು ಹೋಯಿತು, ಅದೂ ಇದೇ ನೀರಿನಿಂದ ಅಂತ. ಹೆಸರು ಬೇಡ, ಮನೆ ಬೇಡ. ಅಷ್ಟು ಸಾಕು.

ನಿನ್ನ ಅಕ್ಕ


ಮಾರ್ಚ್ 15

ಅಕ್ಕಾ,

ನಿನ್ನ ಕಾಗದವನ್ನು ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ಈ ಫೋನಿಗೆ ಎಷ್ಟು ಸಲ ಹೇಳಿ ಎಷ್ಟು ಸಲ ಅಳಿಸಿದೆನೋ ಲೆಕ್ಕವಿಲ್ಲ.

ಚೂಟಿಯನ್ನು ಮರೆತಿದ್ದೇನೆ ಅಂದುಕೊಳ್ಳಬೇಡ. ನಮ್ಮ ಕೆಲಸಕ್ಕೆ ಒಂದು ಕಟ್ಟುಪಾಡು ಇದೆ. ಎಲ್ಲಿಂದ ಎಣಿಸುವುದು ಅಂತ ಮೊದಲೇ ಒಂದು ಗೆರೆ ಎಳೆದುಕೊಳ್ಳಬೇಕು. ಆಸ್ಪತ್ರೆಯವರು ಮೊದಲ ಸಲ ಪರೀಕ್ಷೆಗೆ ಕಳಿಸಿದ ದಿನವೇ ನಮ್ಮ ಗೆರೆ. ಅದಕ್ಕಿಂತ ಮುಂಚೆ ಯಾರಿಗೂ ಪರೀಕ್ಷೆ ಆಗಿಲ್ಲ. ಪರೀಕ್ಷೆ ಇಲ್ಲದಿದ್ದರೂ ಸೇರಿಸಿಕೊಳ್ಳಲು ದಾರಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಮನೆಯವರನ್ನು ಕ್ರಮವಾಗಿ ಕೇಳಿರಬೇಕು. ನಾನು ಕೇಳಿಲ್ಲ.

ಹೇಗೆ ಕೇಳಲಿ ಹೇಳು? ಪಕ್ಕದ ಮನೆಯವರನ್ನೂ ಎದುರು ಮನೆಯವರನ್ನೂ ಕೇಳಿದೆ. ಎಷ್ಟು ಸಲ ವಾಂತಿಯಾಯಿತು, ಕಣ್ಣು ಒಳಗೆ ಹೋಗಿತ್ತಾ, ಚರ್ಮ ಹಿಂಡಿದರೆ ಹಾಗೇ ನಿಲ್ಲುತ್ತಿತ್ತಾ. ನೀನು ಬಡಿಸುತ್ತ ನಿಂತಿದ್ದೆ. ಮೂಲೆಯಲ್ಲಿ ಅವಳ ಪುಟ್ಟ ಚಪ್ಪಲಿ ಇತ್ತು. ಪೆನ್ನು ಜೇಬಿನಿಂದ ಈಚೆಗೇ ಬರಲಿಲ್ಲ. ನಿನ್ನ ಗಾಯ ಕೆದಕಬಾರದು ಅಂದುಕೊಂಡೆ. ಮಾವನಾಗಿ ಬಂದಿದ್ದೇನೆ, ಆಫೀಸಿನವನಾಗಿ ಅಲ್ಲ ಅಂದುಕೊಂಡೆ.

ಈಗ ಚಿತ್ರ ಬದಲಿಸಿದರೆ ಮೇಡಂ ಒಪ್ಪಬೇಕು, ಸಮ್ಮೇಳನದವರಿಗೆ ಮತ್ತೆ ಕಳಿಸಬೇಕು, ಅಷ್ಟರಲ್ಲಿ ದಿನ ಮುಗಿದಿರುತ್ತದೆ. ಆದರೆ ಮಾತು ಮುಗಿದ ಮೇಲೆ ಪ್ರಶ್ನೆ ಕೇಳಲು ಬಿಡುತ್ತಾರೆ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿ ಹೇಳುತ್ತೇನೆ. ಖಂಡಿತ ಹೇಳುತ್ತೇನೆ ಅಕ್ಕಾ.

ಹೊಸ ಅಂಗಿ ಬೇಕು. ಕಾಲರ್ ನೀನೇ ಹೊಲಿದು ಕಳಿಸಿದ್ದರೆ ಚೆನ್ನಾಗಿತ್ತು.

ನಿನ್ನ ತಮ್ಮ


ಏಪ್ರಿಲ್ 21

ಅಕ್ಕಾ,

ಮುಗಿಯಿತು. ಬಸ್ಸಿನಲ್ಲಿ ಕೂತು ಹೇಳುತ್ತಿದ್ದೇನೆ, ಪಕ್ಕದವರು ಹುಚ್ಚ ಅಂದುಕೊಂಡಿರಬೇಕು.

ದೊಡ್ಡ ಸಭಾಂಗಣ. ಒಳಗೆ ಎಂಥ ಚಳಿ ಅಂದರೆ ಅರ್ಧ ಜನ ಕೈ ಬೆಚ್ಚಗಾಗಲಿ ಅಂತಲೇ ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರ ಕೊರಳಿಗೂ ಹೆಸರಿನ ಚೀಟಿ. ಹಿರಿಯರಿಗೆ ಕೆಂಪು ಪಟ್ಟಿ, ನಮಗೆ ಹಸಿರು. ಹಸಿರು ಪಟ್ಟಿಯವರೆಲ್ಲ ಚಹಾದ ಸಾಲಿನಲ್ಲಿ ಒಟ್ಟಿಗೇ ಇರುತ್ತಿದ್ದೆವು, ಕೆಂಪು ಪಟ್ಟಿಯವರು ಹತ್ತಿರ ಬಂದರೆ ಬಿಸ್ಕತ್ತು ಕೆಳಗಿಡುತ್ತಿದ್ದೆವು. ಒಬ್ಬಳು ಹುಡುಗಿ ಬಾವಲಿಗಳ ಬಗ್ಗೆ ತಿಳಿಯಲು ಮೂರು ವರ್ಷ ಗುಹೆಯಲ್ಲಿ ಕೂತು ಬಂದಿದ್ದಾಳೆ, ಆದರೆ ಮೈಕ್ ಕಂಡರೆ ಹೆದರುತ್ತಾಳೆ. ಇನ್ನೊಬ್ಬ ತನ್ನ ಚಿತ್ರವನ್ನು ತಲೆಕೆಳಗಾಗಿ ನೇತುಹಾಕಿ ಮಧ್ಯಾಹ್ನದ ತನಕ ಅದರ ಮುಂದೆಯೇ ನಿಂತಿದ್ದ, ಯಾರೂ ಹೇಳಲಿಲ್ಲ.

ನನ್ನ ಸರದಿ ಊಟವಾದ ಮೇಲೆ. ನಿದ್ದೆಯ ಹೊತ್ತು. ಆದರೂ ಯಾರೂ ತೂಕಡಿಸಲಿಲ್ಲ. 'ಸಾವು: ಸೊನ್ನೆ' ಬಂದಾಗ ಚಪ್ಪಾಳೆ ಬಿತ್ತು. ಮೇಡಂ ಮುಂದಿನ ಸಾಲಿನಲ್ಲಿ ತಲೆಯಾಡಿಸುತ್ತಿದ್ದರು. ಪ್ರಶ್ನೆಗಳೂ ಬಂದವು. ಪೈಪಿನ ಬಗ್ಗೆ ಒಬ್ಬರು ಕೇಳಿದರು. ಬಿಳಿ ಕೂದಲಿನ ಹಿರಿಯ ವಿಜ್ಞಾನಿಯೊಬ್ಬರು ಏನೋ ಕೇಳಿದರು, ಹೇಳಿದೆ. ಅಷ್ಟರಲ್ಲಿ ಗಂಟೆ ಹೊಡೆದರು. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ ಅಲ್ಲಿ. ನೀನು ಹೇಳಿದ್ದಕ್ಕೆ ಜಾಗ ಸಿಗಲಿಲ್ಲ ಅಕ್ಕಾ. ಬೇಜಾರು ಮಾಡಿಕೊಳ್ಳಬೇಡ. ಬರೆದು ಪ್ರಕಟಿಸುವಾಗ ಏನಾದರೂ ಮಾಡೋಣ.

ಕೆಲಸ ನನಗೇ ಸಿಕ್ಕಿದೆ. ಜುಲೈನಿಂದ. ಇನ್ನು ಮೇಲೆ ಒಂದೇ ಊರು, ಒಂದೇ ಹಾಸಿಗೆ. ಅಲ್ಲಿ ಕೊಟ್ಟ ಚೀಲ ಗಟ್ಟಿಯಾಗಿದೆ, ನಿನ್ನ ಕತ್ತರಿ, ದಾರ ಎಲ್ಲ ಹಿಡಿಯುತ್ತದೆ. ಕಳಿಸುತ್ತೇನೆ.

ನಿನ್ನ ತಮ್ಮ


ಮೇ 11

ತಮ್ಮಾ,

ಚೀಲ ತಲುಪಿತು.

ನನ್ನ ನಾದಿನಿ ನರ್ಸ್ ಓದುತ್ತಿದ್ದಾಳಲ್ಲ. ನಿನ್ನ ಸಮ್ಮೇಳನದವರು ಎಲ್ಲರ ಮಾತನ್ನೂ ಇಂಟರ್ನೆಟ್ಟಿಗೆ ಹಾಕಿದ್ದಾರಂತೆ, ಅವಳು ಹುಡುಕಿದಳು. ಹುಡುಗಿಗೆ ನನ್ನ ಮೇಲೆ ಪ್ರೀತಿ. ನೀನು ಹೇಳುತ್ತೇನೆ ಅಂದಿದ್ದನ್ನು ನಾನೇ ಅವಳಿಗೆ ಹೇಳಿದ್ದೆ, ಅದು ನನ್ನ ಬುದ್ಧಿಗೇಡು. ಭಾನುವಾರ ಅವಳು ಎಲ್ಲರನ್ನೂ ಮುಂದಿನ ಕೋಣೆಯಲ್ಲಿ ಕೂರಿಸಿದಳು. ಅಣ್ಣನಿಗೆ, "ಒಂದು ಕಡೆ ಕೂತ್ಕೊಂಡು ನೋಡಿ ಸ್ವಲ್ಪ" ಅಂದಳು. ಅತ್ತೆಗೆ ಗೋಡೆಗೊರಗಿಸಿ ಕುರ್ಚಿ ಹಾಕಿದಳು. ಫೋನನ್ನು ಡಬ್ಬಕ್ಕೆ ಆನಿಸಿ ಇಟ್ಟಳು.

ನೀನು ಚೆನ್ನಾಗಿ ಕಾಣುತ್ತಿದ್ದೆ. ಅಂಗಿಯ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ನೀನು ಹೇಳಿದ್ದು ಅರ್ಧ ತಿಳಿಯಿತು, ಅರ್ಧವನ್ನು ನಾದಿನಿ ತಿಳಿಸಿ ಹೇಳಿದಳು. ನಿನ್ನ ಭಾವ ಮುಂದಕ್ಕೆ ಬಾಗಿ ಕೂತಿದ್ದರು. ವರ್ಷದಲ್ಲಿ ಮೊದಲ ಸಲ ಅವರು ಏನನ್ನಾದರೂ ಅಷ್ಟು ಗಮನ ಕೊಟ್ಟು ನೋಡಿದ್ದು.

ಆಮೇಲೆ ಆ ಬಿಳಿ ಕೂದಲಿನವರು ಎದ್ದು ನಿಂತರು. ಏನೋ ಕೇಳಿದರು ಅಂತ ಬರೆದಿದ್ದೆಯಲ್ಲ, ಅವರು ಕೇಳಿದ್ದು ಇದು: "ಒಂದೇ ದಿನ ಇಷ್ಟು ಜನ ಒಟ್ಟಿಗೆ ಹೇಗೆ ಮಲಗ್ತಾರೆ? ಇದಕ್ಕಿಂತ ಮುಂಚೆ ಒಬ್ಬರಾದ್ರೂ ಇರಬೇಕಲ್ಲ. ಎಡಗಡೆ ಯಾರೂ ಇರ್ಲಿಲ್ವಾ?"

ನೀನು ನೀರಿನ ಬಾಟಲಿ ತೆಗೆದುಕೊಂಡು ಒಂದು ಗುಟುಕು ಕುಡಿದೆ. ಮುಚ್ಚಳ ಹಾಕಿದೆ. "ಇಲ್ಲ, ಅದಕ್ಕೆ ಮುಂಚೆ ಯಾರೂ ಇರ್ಲಿಲ್ಲ" ಅಂದೆ.

ಗಂಟೆ ಹೊಡೆದಿದ್ದು ಆಮೇಲೆ ಕಣೋ. ಸುಮಾರು ಹೊತ್ತಾದ ಮೇಲೆ.

ಇಲ್ಲಿ ನಾದಿನಿ ಫೋನನ್ನು ಬೋರಲು ಹಾಕಿದಳು. ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅತ್ತೆ ಗೋಡೆ ಹಿಡಿದು ಎದ್ದು ಅಡಿಗೆಮನೆಗೆ ಹೋದರು. ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿದ್ದ ಹಾಲಿನ ಪಾತ್ರೆ ಇಳಿಸಿ ತೊಳೆದರು. ತೊಳೆದಿದ್ದನ್ನೇ ಮತ್ತೆ ತೊಳೆದರು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ನೀನು ಅವಳ ವಿಷಯ ಹೇಳದೇ ಇದ್ದಿದ್ದರೆ ಸಹಿಸುತ್ತಿದ್ದೆ. ಇರಲೇ ಇಲ್ಲ ಅಂದೆಯಲ್ಲ.

ಅಕ್ಕ


ಮೇ 19

ಅಕ್ಕಾ,

ನೀನು ನೋಡಿದ್ದೇ ನಿಜ.

ಆ ಗಳಿಗೆಯಲ್ಲಿ ಬಾಯಿಗೆ ಬಂದಿತ್ತು. ನಿಜವಾಗಿ ಬಂದಿತ್ತು. ಇದ್ದಳು ಅಂದರೆ, ಹೇಗೆ ಗೊತ್ತು ಅನ್ನುತ್ತಾರೆ. ನನ್ನ ಅಕ್ಕನ ಮಗಳು ಅಂದರೆ, ಮತ್ತೆ ಚಿತ್ರದಲ್ಲಿ ಯಾಕಿಲ್ಲ ಅನ್ನುತ್ತಾರೆ. ಹಿಂದೆ ಗೋಡೆಯ ಮೇಲೆ ಆ ಸೊನ್ನೆ ಅಷ್ಟು ದೊಡ್ಡದಾಗಿ ಹೊಳೆಯುತ್ತಿತ್ತು. ಮೇಡಂ ನನ್ನನ್ನೇ ನೋಡುತ್ತಿದ್ದರು. ನೀರು ಕುಡಿದೆ. ಗಂಟಲಿನಿಂದ ಒಳಗೆ ಇಳಿದದ್ದು ನೀರೊಂದೇ ಅಲ್ಲ.

ಅವರು ಕೇಳಿದ್ದು ಬೇರೆ ಯಾವುದೋ ರಸ್ತೆಯ ಬಗ್ಗೆ ಅನ್ನುವ ಹಾಗೆ ಉತ್ತರ ಕೊಟ್ಟೆ. ಆಮೇಲೆ ಕೈ ಕುಲುಕಿದರು, ಫೋಟೋ ತೆಗೆದರು, ನಕ್ಕೆ. ಬಸ್ಸಿನಲ್ಲಿ ನಿನಗೆ ಸುಳ್ಳು ಹೇಳಿದೆ. ಫೋನು ಒಂದಕ್ಷರ ತಪ್ಪಿಲ್ಲದೆ ಬರೆದುಕೊಂಡಿತು.

ನಾನು ಬರಲಾ? ಭಾವನ ಹತ್ತಿರ, ಅತ್ತೆಯ ಹತ್ತಿರ ನಾನೇ ಕೂತು ಮಾತಾಡುತ್ತೇನೆ. ಒಂದು ಸಾಲು ಬರೆ ಸಾಕು.

ತಮ್ಮ


ಆಗಸ್ಟ್ 2

ಅಕ್ಕಾ,

ನೀನು ಬರೆಯಲಿಲ್ಲ. ಬರೆಯಬೇಕಿತ್ತು ಅಂತಲೂ ನಾನು ಹೇಳಲಾರೆ. ಜೂನ್‌ನಲ್ಲಿ ಕಳಿಸಿದ ಎರಡು ಕಾಗದ ತಲುಪಿದವೋ ಇಲ್ಲವೋ. ಅಂಗಡಿಗೆ ಫೋನ್ ಮಾಡಿದರೆ, ಮೆಷಿನ್ ಮೇಲಿದ್ದಾಳೆ, ಏಳುವುದಿಲ್ಲವಂತೆ ಅಂದರು.

ಹೊಸ ಊರಿಗೆ ಬಂದಿದ್ದೇನೆ. ಒಂದೇ ಹಾಸಿಗೆ ಅಂದಿದ್ದೆನಲ್ಲ, ಬಂದಿದೆ. ನಿದ್ದೆ ಬಂದಿಲ್ಲ. ಲಿಫ್ಟ್ ಮೆಕ್ಯಾನಿಕ್ ಬೀಳ್ಕೊಡುವಾಗ, "ಇನ್ನು ಕಾಯಂ ಎಣಿಸ್ತೀಯಾ" ಅಂದ.

ಆ ಬಿಳಿ ಕೂದಲಿನವರು ಈ ಕೇಂದ್ರದಲ್ಲೇ ಇದ್ದಾರೆ. ಉದ್ದ ಪಡಸಾಲೆಯ ಕೊನೆಯ ಕೋಣೆ. ಮೊದಲ ಮೂರು ವಾರ ಅವರ ಬಾಗಿಲ ಮುಂದೆ ಹೋಗುವುದು ಬೇಡ ಅಂತ ಹಿಂದಿನ ಮೆಟ್ಟಿಲು ಹತ್ತುತ್ತಿದ್ದೆ. ಹೋದ ವಾರ ಹೋಗಿ ನಿಂತೆ. ಎಲ್ಲ ಹೇಳಿದೆ. ನೀನು ಬಡಿಸಿದ್ದು, ಪೆನ್ನು ತೆಗೆಯದೇ ಇದ್ದದ್ದು, ಮನೆಯಲ್ಲಿ ಎಲ್ಲರೂ ಕೂತು ನೋಡಿದ್ದು.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು. "ಸೊನ್ನೆ ಬೇರೆ, ಖಾಲಿ ಬೇರೆ" ಅಂದರು. "ಕೇಳಿ, ಯಾರೂ ಇಲ್ಲ ಅಂತ ಗೊತ್ತಾದ್ರೆ ಸೊನ್ನೆ. ಕೇಳದೇ ಇದ್ರೆ ಅದು ಖಾಲಿ. ನೀನು ಖಾಲಿ ಜಾಗದಲ್ಲಿ ಸೊನ್ನೆ ಬರ್ದಿದ್ದೀಯ. ಕಲಿಯುವಾಗ ಎಲ್ಲರೂ ಮಾಡೋ ತಪ್ಪು. ಆದ್ರೆ ನೀನು ಗೊತ್ತಿದ್ದೂ ಬರ್ದೆ." ನಾನು ಹೊರಡುವಾಗ, "ಆ ತಾಯಿ ಈಗಲೂ ಉತ್ತರ ಹೇಳ್ತಾರಾ, ಕೇಳಿ ನೋಡು" ಅಂದರು.

ಹಳೆಯ ಮೇಡಂಗೂ ಬರೆದೆ. ಸಮ್ಮೇಳನದವರಿಗೂ ಬರೆದೆ, ನಾನು ಅಲ್ಲಿ ಹೇಳಿದ್ದು ತಪ್ಪು ಅಂತ. ಮೇಡಂ ಫೋನ್ ಮಾಡಿ, ಇದರಿಂದ ಯಾರಿಗೆ ಏನು ಸಿಗುತ್ತದೆ ಅಂದರು. ಇಲ್ಲಿಯ ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಇದನ್ನು ನಿನ್ನ ಮನಸ್ಸು ಕರಗಲಿ ಅಂತ ಹೇಳುತ್ತಿಲ್ಲ. ಹೇಳಬಾರದಿತ್ತು, ಆದರೂ ಹೇಳಿದೆ.

ಅಕ್ಕಾ, ಬಂದು ಕೇಳಲಾ?

ತಮ್ಮ


ಆಗಸ್ಟ್ 24

ತಮ್ಮಾ,

ಬರಬೇಡ. ನೀನು ಬಂದರೆ ನಾನು ಬಡಿಸುತ್ತೇನೆ, ನೀನು ಉಣ್ಣುತ್ತೀಯ, ಮತ್ತೆ ಅದೇ ಆಗುತ್ತದೆ.

ಬರೆದು ಕೇಳು. ಪಕ್ಕದ ಮನೆಯವರನ್ನು ಹೇಗೆ ಕೇಳಿದೆಯೋ ಹಾಗೇ ಕೇಳು. ಅಕ್ಕ ಗಿಕ್ಕ ಬೇಡ. ಅವರಿಗೆ ನೀವು ಅಂದೆಯಲ್ಲ, ನನಗೂ ನೀವು ಅನ್ನು. ಒಂದನ್ನೂ ಬಿಡಬೇಡ, ಮೆತ್ತಗೆ ಮಾಡಬೇಡ.

ಅಕ್ಕ


ಸೆಪ್ಟೆಂಬರ್ 1

ನಮಸ್ಕಾರ.

ಹೋದ ವರ್ಷದ ಬೇಸಿಗೆಯಲ್ಲಿ ನಿಮ್ಮ ರಸ್ತೆಯಲ್ಲಿ ಹರಡಿದ ವಾಂತಿಭೇದಿಯ ಬಗ್ಗೆ ಕೆಲವು ಪ್ರಶ್ನೆಗಳಿವೆ. ಉತ್ತರಿಸಲು ಇಷ್ಟವಿಲ್ಲದಿದ್ದರೆ ಬಿಡಬಹುದು. ನಿಮಗೆ ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ. ಆ ಹೊತ್ತಿನಲ್ಲಿ ಮನೆಯಲ್ಲಿದ್ದವರು ಬೇರೆ ಇದ್ದರೆ ಅವರನ್ನು ಕೇಳಿ ಬರೆಯಿರಿ.

ನಿಮ್ಮ ಮನೆಯಲ್ಲಿ ಯಾರಿಗೆ ಕಾಯಿಲೆಯಾಯಿತು? ವಯಸ್ಸೆಷ್ಟು?

ಯಾವಾಗ ಶುರುವಾಯಿತು? ಮೊದಲು ಏನು ಕಂಡಿತು?

ಎಷ್ಟು ಸಲ ವಾಂತಿಯಾಯಿತು? ಭೇದಿ ಹೇಗಿತ್ತು? ಕಣ್ಣು ಒಳಗೆ ಹೋಗಿತ್ತೇ? ಅಳುವಾಗ ಕಣ್ಣೀರು ಬರುತ್ತಿತ್ತೇ?

ಹಿಂದಿನ ದಿನ ಏನು ತಿಂದರು, ಏನು ಕುಡಿದರು? ಕೊಟ್ಟವರು ಯಾರು? ಉಳಿದಿದ್ದನ್ನು ಬೇರೆ ಯಾರಾದರೂ ತಿಂದರೇ, ಕುಡಿದರೇ?

ಕುಡಿಯುವ ನೀರು ಎಲ್ಲಿಯದು? ಕಾಯಿಸಿದ್ದೋ, ಹಾಗೆಯೋ?

ಏನಾಯಿತು?

ಇನ್ನೇನಾದರೂ ಹೇಳುವುದಿದೆಯೇ?

ಇದನ್ನು ಫೋನಿಗೆ ಹೇಳಿಲ್ಲ. ಕೈಯಲ್ಲೇ ಬರೆದಿದ್ದೇನೆ. ಅಕ್ಷರ ಸರಿಯಾಗಿ ಕಾಣದಿದ್ದರೆ ಕ್ಷಮಿಸಿ.

ಕೇಳುತ್ತಿರುವವನು


ಸೆಪ್ಟೆಂಬರ್ 20

ನಮಸ್ಕಾರ.

ಕಾಯಿಲೆಯಾಗಿದ್ದು ನನ್ನ ಮಗಳಿಗೆ. ನಾಲ್ಕು ವರ್ಷ ತುಂಬಿ ಐದಕ್ಕೆ ಬಿದ್ದಿತ್ತು. ಎಲ್ಲರೂ ಚೂಟಿ ಅನ್ನುತ್ತಿದ್ದೆವು.

ರಾತ್ರಿ ಮಲಗುವ ಹೊತ್ತಿಗೆ ಶುರುವಾಯಿತು. ಮೊದಲು ಹೊಟ್ಟೆಯಲ್ಲಿ ಗುಡುಗುಡು ಅಂದಳು, ಒಳಗೆ ಯಾರೋ ಮೇಜು ಎಳೀತಿದಾರೆ ಅಂದಳು. ನಾವೆಲ್ಲ ನಕ್ಕೆವು.

ಎಷ್ಟು ಸಲ ಅಂತ ಮೊದಲು ಎಣಿಸುತ್ತಿದ್ದೆ, ಆಮೇಲೆ ಬಿಟ್ಟೆ. ಭೇದಿ ನೀರಿನ ಹಾಗೆ, ಅಕ್ಕಿ ತೊಳೆದ ನೀರಿನ ಹಾಗೆ. ಬೆಳಗಿನ ಹೊತ್ತಿಗೆ ಕಣ್ಣು ಒಳಗೆ ಹೋಗಿತ್ತು. ಅಳುತ್ತಿದ್ದಳು, ಕಣ್ಣೀರು ಬರುತ್ತಿರಲಿಲ್ಲ. ಹಟ ಮಾಡುತ್ತಿದ್ದಾಳೆ ಅಂದುಕೊಂಡೆ. ಕಣ್ಣೀರಿಲ್ಲದೆ ಅಳುವುದು ಕಾಯಿಲೆಯ ಗುರುತು ಅಂತ ನಿಮ್ಮ ಪ್ರಶ್ನೆ ಓದಿದಾಗಲೇ ಗೊತ್ತಾಗಿದ್ದು.

ಹಿಂದಿನ ದಿನ ಏನು ಕುಡಿದಳು ಅನ್ನುವುದಕ್ಕೆ ಹಾಲು ಅಂತ ಬರೆದೆ. ಆಮೇಲೆ ನೀವು ಬರೆದಿದ್ದು ನೋಡಿದೆ, ಗೊತ್ತಿಲ್ಲದ್ದನ್ನು ಊಹಿಸಬೇಡಿ ಅಂತ. ಹಾಲು ಕಾಯಿಸಿ ಲೋಟಕ್ಕೆ ಹಾಕಿಟ್ಟಿದ್ದು ಗೊತ್ತು. ಅವಳು ಕುಡಿದದ್ದನ್ನು ನಾನು ನೋಡಿಲ್ಲ. ಅಂಗಡಿಗೆ ಹೊತ್ತಾಗಿತ್ತು, ಹೊರಟೆ. ಇಷ್ಟು ದಿನದಲ್ಲಿ ಒಂದು ಸಲವೂ ಇದು ಹೊಳೆದಿರಲಿಲ್ಲ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ.

ನಾಲ್ಕು ದಿನ ಕಾಗದ ಸೆರಗಿಗೆ ಸಿಕ್ಕಿಸಿಕೊಂಡು ಓಡಾಡಿದೆ. ನಿನ್ನೆ ಅತ್ತೆ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು. ಎದುರು ಕೂತು ಪ್ರಶ್ನೆಯನ್ನು ಇದ್ದ ಹಾಗೇ ಓದಿದೆ. ಹಿಂದಿನ ದಿನ ಏನು ತಿಂದರು, ಏನು ಕುಡಿದರು, ಕೊಟ್ಟವರು ಯಾರು. ಅವರ ಕೈ ನಿಂತಿತು. ಏಳಲು ನೋಡಿದರು, ಗೋಡೆ ದೂರವಿತ್ತು. ನಾನು ಕೈ ಕೊಡಲಿಲ್ಲ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. "ಹಾಲು ಕುಡೀಲಿಲ್ಲ ಕಣೇ ಅವಳು. ಕೆನೆ ಇದೆ ಅಂತ ಮುಟ್ಲಿಲ್ಲ. ನಾನೇ ಚೆಲ್ಲಿದೆ. ಮಧ್ಯಾಹ್ನ ಆಡ್ಕೊಂಡು ಬಂದು ನೀರು ನೀರು ಅಂದ್ಳು. ಕಾಯಿಸಿದ್ದು ಮುಗ್ದಿತ್ತು. ಒಲೆ ಹಚ್ಚಕ್ಕೆ ಏಳೋಣ ಅಂದ್ರೆ ಈ ಮೊಣಕಾಲು. ನಲ್ಲಿ ಕೈಗೆ ಸಿಗೋ ಹಾಗಿತ್ತು. ಹಿಡಿದುಕೊಟ್ಟೆ. ಎರಡು ಲೋಟ ಕುಡಿದ್ಳು."

ಮುಂದಿನ ಪ್ರಶ್ನೆ ಓದುವ ಮುಂಚೆ ಅವರೇ ಅಂದರು. "ನಿನ್ನ ತಮ್ಮ ಅವತ್ತು ಎಲ್ಲರ ಮನೇಲೂ ನೀರಿನ ವಿಷಯ ಕೇಳ್ತಾ ಬಂದ. ಇಲ್ಲೂ ಕೇಳ್ತಾನೆ, ಕೇಳಿದ್ರೆ ಹೇಳ್ಬಿಡೋಣ ಅಂತ ಬಾಗಿಲ ಹತ್ರ ಕೂತಿದ್ದೆ. ಕೇಳ್ಲಿಲ್ಲ, ಹೋದ. ಆಮೇಲೆ ಯಾರೋ ಬಂದವರು ಹಾಲಿರ್ಬೇಕು ಅಂದ್ರು. ಹೂಂ ಅಂದೆ. ಒಂದ್ಸಲ ಹೂಂ ಅಂದ ಮೇಲೆ..."

ಮತ್ತೆ ತರಕಾರಿ ಹೆಚ್ಚತೊಡಗಿದರು. ಅವತ್ತು ಕೇಳಿದ್ದರೆ ನಿಜವಾಗಿ ಹೇಳುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೆದುಕೊಳ್ಳಿ.

ಉಳಿದ ಹಾಲನ್ನು ಬೇರೆ ಯಾರೂ ಕುಡಿಯಲಿಲ್ಲ. ನೀರು ನಲ್ಲಿಯದು, ಕಾಯಿಸದ್ದು.

ಏನಾಯಿತು ಅನ್ನುವುದಕ್ಕೆ: ಮಾರನೇ ದಿನ ಸಂಜೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ನನ್ನ ತೊಡೆಯ ಮೇಲೆ.

ಇನ್ನೇನಾದರೂ ಹೇಳುವುದಿದೆಯೇ ಅಂತ ಕೇಳಿದ್ದೀರಿ. ಎರಡು ಮಾತು. ನಿಮ್ಮ ಚಿತ್ರದ ಎಡಗಡೆ ಅವಳ ಚೌಕ ಹಾಕುವಾಗ ಕೊಟ್ಟವರು ಯಾರು ಅನ್ನುವುದನ್ನು ಬರೆಯಬೇಡಿ. ನೀರು ಅಂತ ಇದ್ದರೆ ಸಾಕು. ಒಬ್ಬರು ವರ್ಷವೆಲ್ಲ ಹೊತ್ತಿದ್ದನ್ನು ಇಳಿಸಿ ಇನ್ನೊಬ್ಬರ ತಲೆಗೆ ಇಡುವುದು ನನಗೆ ಬೇಡ. ಮನೆಯವರಿಗೆ ಹೇಳಬೇಕೋ ಬೇಡವೋ ಅದನ್ನು ಅತ್ತೆಯೇ ಯೋಚಿಸಲಿ.

ಇನ್ನೊಂದು, ಇದನ್ನೆಲ್ಲ ಬರೆಯುವಾಗ ಅವರು ಪಕ್ಕದಲ್ಲೇ ಕೂತಿದ್ದಾರೆ. ಕೆನೆ ಅಂತ ಬರೆದ್ಯಾ, ಅವಳಿಗೆ ಕೆನೆ ಆಗ್ತಿರ್ಲಿಲ್ಲ ಅಂತ ಬರಿ ಅಂದರು. ಬರೆದಿದ್ದೇನೆ. ಅವಳಿಗೆ ಕೆನೆ ಆಗುತ್ತಿರಲಿಲ್ಲ.

ಉತ್ತರಿಸಿದವರು:
ಚೂಟಿಯ ಅಮ್ಮ
ಚೂಟಿಯ ಅಜ್ಜಿ